ಮೀನಿನ ವೀರ್ಯಾಣುವಿಗೆ ಹುಲ್ಲಿನ ರಕ್ಷೆ

ಪಶ್ಚಿಮಘಟ್ಟದ ಹೊಳೆಗಳಲ್ಲಿ ಮಾತ್ರ ಬದುಕುವ ಕೆಲವು ಮೀನುಗಳು ಇಂದು ಅಳಿವಿನ ಭೀತಿಯಲ್ಲಿವೆ. ಕೇರಳದಲ್ಲಿ ಮಂಜಕೂರಿ ಎಂದು ಕರೆಯುವ ಹಳದಿ ಮೀನು ಅವುಗಳಲ್ಲೊಂದು. ಇದರ ವೀರ್ಯಾಣುಗಳನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಪಿಡುವ ವಿಧಾನವನ್ನು ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿದ್ದಾರೆ. ಮೀನಿನ ಮೊಟ್ಟೆ ದೊಡ್ಡದು, ಭಂಡಾರದಿಂದ ತುಂಬಿದ್ದು. ಅದನ್ನು ಹೀಗೆ ಕಾಪಿಡುವುದು ಬಹು ಕಠಿನ. ಆದುದರಿಂದ ವೀರ್ಯಾಣುವೇ ಆಸರೆ.

ಆದರೆ ನೀರು ಹೆಪ್ಪುಗಟ್ಟುವಾಗ ಹಿಮದ ಹರಳುಗಳು ಮೂಡುತ್ತವೆ. ಮರಳಿ ಕರಗಿಸುವಾಗ ಸಣ್ಣ ಹರಳುಗಳು ಕೂಡಿ ದೊಡ್ಡವಾಗಿ ಕೋಶದ ಪೊರೆಯನ್ನು ಹರಿಯುತ್ತವೆ. ಗ್ಲಿಸರಾಲ್‌ನಂತಹ ರಕ್ಷಕ ದ್ರವ್ಯಗಳನ್ನು ಬೆರೆಸುವುದು ವಾಡಿಕೆ. ಹೆಚ್ಚಾದರೆ ಅವೇ ವಿಷವಾಗುತ್ತವೆ.

ಇಲ್ಲಿ ಸಸ್ಯಗಳು ನೆರವಿಗೆ ಬರುತ್ತವೆ. ಚಳಿನಾಡಿನ ರೈಹುಲ್ಲಿನ ಎಲೆಯೊಳಗೆ ಹಿಮ ಕಟ್ಟಿದರೂ ಹುಲ್ಲು ಸಾಯುವುದಿಲ್ಲ. ಅದರ ಹಿಮನಿರೋಧಕ ಪ್ರೋಟೀನ್ ಹರಳಿನ ಮೈಗೆ ಅಂಟಿಕೊಂಡು ಅದು ಬೆಳೆಯದಂತೆ ತಡೆಯುತ್ತದೆ. ಹಿಮ ಕಟ್ಟುವುದನ್ನೇ ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಹರಳು ಹಿಗ್ಗದಂತೆ ತಡೆಯುವ ಶಕ್ತಿ ಅಧಿಕ. ವೀರ್ಯಾಣುವಿಗೆ ಬೇಕಾದುದೂ ಇದೇ. ಪ್ರಮಾಣ ಮಾತ್ರ ಹದವಾಗಿರಬೇಕು: ಮಿತಿಮೀರಿದ ಹಿಮನಿರೋಧಕ ಪ್ರೋಟೀನಿನಿಂದ ಹರಳುಗಳು ಸೂಜಿಯಂತಾಗಿ ಕೋಶವನ್ನು ಚುಚ್ಚಲೂಬಹುದು. ಒಂದೊಂದು ಜಾತಿಯ ಮೀನಿಗೂ ಪ್ರತ್ಯೇಕ ಪರೀಕ್ಷೆ ಅಗತ್ಯ.

ಕಾಪಿಟ್ಟ ವೀರ್ಯಾಣು ಹೊಳೆಗೆ ಬದಲಿಯಲ್ಲವೆಂಬುದನ್ನು ನಾವು ಮರೆಯಲಾಗದು. ಮರಳು ಬರಿದಾದ, ನೀರು ಕೆಟ್ಟ ಹೊಳೆಗೆ ಮರಿಗಳನ್ನು ಬಿಟ್ಟರೆ ಅವು ಉಳಿಯಲಾರವು. ಪ್ರಯೋಗಾಲಯ ನಮಗೆ ಕಾಲಾವಕಾಶವನ್ನಷ್ಟೇ ಕೊಡಬಲ್ಲದು. ಹೊಳೆಯನ್ನು ಉಳಿಸಬೇಕಾದವರು ನಾವೇ.