ಮೂರು ಪ್ಯಾಲೆಟ್, ಒಂದು ಮೇಜು

ನಮ್ಮ ಕ್ಯಾಂಪ್ ದುಬೈಯ ಅಲ್ ಕೂಜ್‌ನಲ್ಲಿದೆ. ರೂಮಿನಲ್ಲಿ ಆರು ಜನ, ಮೂರು ಬಂಕ್ ಮಂಚ. ರಾತ್ರಿ ಮಂಚಗಳ ನಡುವೆ ಹಳೇ ಪೇಪರ್ ಹಾಸಿ, ಸಾರಿನ ಪಾತ್ರೆ ಮಧ್ಯದಲ್ಲಿಟ್ಟು, ಸುತ್ತ ಕೂತು ಉಣ್ಣುವುದು ನಮ್ಮ ಪದ್ಧತಿ. ಗಲ್ಫಿನಲ್ಲಿ ದುಡಿಯುವ ಹೆಚ್ಚಿನವರಿಗೆ ಇದು ಗೊತ್ತಿರುವುದೇ.

ಕಳೆದ ವರ್ಷ ಒಬ್ಬರು ಈ ಪಂಕ್ತಿಯಿಂದ ಎದ್ದರು. ಕಾರ್ಕಳ ಕಡೆಯ ಆಚಾರ್ರು, ಶಟರಿಂಗ್ ಕಾರ್ಪೆಂಟರ್. ಇಪ್ಪತ್ತೆರಡು ವರ್ಷ ಮಂಡಿಯೂರಿ ಮೊಳೆ ಹೊಡೆದ ಕಾಲು ಈಗ ಮಡಚಲು ಕೇಳುತ್ತಿರಲಿಲ್ಲ. ತಟ್ಟೆಯನ್ನು ಸೂಟ್‌ಕೇಸಿನ ಮೇಲಿಟ್ಟುಕೊಂಡು ಮಂಚದ ಮೂಲೆಯಲ್ಲಿ ಒಬ್ಬರೇ ಉಣ್ಣತೊಡಗಿದರು. ಮಾತೂ ಕಡಿಮೆಯಾಯಿತು. ಮಂಡಿಯ ವಿಷಯ ಫೋರ್‌ಮನ್‌ಗೆ ಗೊತ್ತಾದರೆ ಎಂಬ ಹೆದರಿಕೆ ಬೇರೆ.

"ಒಂದು ಮೇಜು ತಂದುಬಿಡೋಣ ಆಚಾರ್ರೇ" ಎಂದೆ.

"ಆಚಾರಿ ಇರುವ ರೂಮಿಗೆ ದುಡ್ಡು ಕೊಟ್ಟು ಮೇಜು ತರುವುದಾ ಮಾರಾಯ? ಕೈ ನಿನ್ನದು, ಬಾಯಿ ನನ್ನದು. ಮಾಡುವ" ಎಂದರು.

ನಾನು ಸ್ಟೋರ್‌ಕೀಪರ್. ಅಲ್ಲಿಯವರೆಗೆ ಗರಗಸವನ್ನು ಲೆಕ್ಕದ ಪುಸ್ತಕದಲ್ಲಷ್ಟೇ ಹಿಡಿದವನು.

ಮರ ಯಾವುದು?

ಸೈಟಿನಲ್ಲಿ ಬಿದ್ದಿರುವ ಶಟರಿಂಗ್ ಹಲಗೆ ಸಾಲದೇ ಎಂದು ಕೇಳಿದೆ. ಬೇಡವೆಂದರು. ಅದು ಸಿಮೆಂಟ್ ಹಾಲು, ಎಣ್ಣೆ ಕುಡಿದ ಮರ. ಒಳಗೆ ಎಲ್ಲಿ ಮೊಳೆ ಮುರಿದಿದೆಯೋ ತಿಳಿಯುವುದಿಲ್ಲ, ಊಟದ ಮೇಜಿಗೆ ಸಲ್ಲ. ಟೈಲ್ಸ್ ಬಂದ ಪ್ಯಾಲೆಟ್ ಆಗಬಹುದು ಎಂದರು.

ಪ್ಯಾಲೆಟ್ ಎಲ್ಲವೂ ಕಸವಲ್ಲ. ನೀಲಿ ಬಣ್ಣದವು ಸಾಮಾನ್ಯವಾಗಿ ಬಾಡಿಗೆ ಕಂಪನಿಯವು, ವಾಪಸ್ ಹೋಗಬೇಕು. ಉಳಿದವನ್ನು ಒಯ್ಯಲು ಸೈಟ್ ಇಂಜಿನಿಯರ್ ಸಹಿ ಮಾಡಿದ ಗೇಟ್ ಪಾಸ್ ತೆಗೆದುಕೊಂಡೆ. ಕ್ಯಾಂಪ್ ಬಾಸ್‌ಗೂ ಮೊದಲೇ ಹೇಳಿದೆವು. ಬಾಗಿಲಿನ ದಾರಿಗೆ ಅಡ್ಡ ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು.

ಪ್ಯಾಲೆಟ್‌ನ ಪಕ್ಕದಲ್ಲಿ ಗೋಧಿ ತೆನೆಯ ಚಿತ್ರವಿರುವ ಮುದ್ರೆಯನ್ನು ನೋಡಿ. ಜೊತೆಗೆ 'ಎಚ್‌ಟಿ' ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮರವನ್ನು ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಕಾಯಿಸಿದ್ದಾರೆ ಎಂದರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಅದನ್ನು ಮುಟ್ಟಬೇಡಿ. ಮುದ್ರೆ ಚೆನ್ನಾಗಿದ್ದರೂ ಎಣ್ಣೆ, ರಾಸಾಯನಿಕದ ಕಲೆ ಇದ್ದರೆ ಬಿಟ್ಟುಬಿಡಿ.

ಬಿಚ್ಚುವುದು

ನಾನು ಸುತ್ತಿಗೆಯ ಬಾಲದಿಂದ ಮೀಟಿದೆ. ಮೊದಲ ಎರಡು ಹಲಗೆ ಸೀಳಿಹೋದವು. ಆಚಾರ್ರು ನಕ್ಕರು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿಸಿ, ಹಲಗೆಗೂ ಕೆಳಗಿನ ಮರಕ್ಕೂ ನಡುವೆ ತೂರಿಸಿ ಮೊಳೆಯನ್ನೇ ಕೊಯ್ಯಿಸಿದರು. ನಿಧಾನ, ಆದರೆ ಹಲಗೆ ಉಳಿಯುತ್ತದೆ. ತುದಿಯಲ್ಲಿ ಉಳಿದ ಮೊಳೆಯ ತುಂಡನ್ನು ಹಲಗೆಯ ಸಮೇತ ಕತ್ತರಿಸಿ ತೆಗೆದೆವು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಹಲಗೆಗಳನ್ನು ಬಿಸಿಲಿಗೆ ಹಾಕಲು ಬಿಡಲಿಲ್ಲ. "ಇಲ್ಲಿನ ಬಿಸಿಲಿಗೆ ಹಪ್ಪಳದ ಹಾಗೆ ಡೊಂಕಾಗ್ತದೆ" ಎಂದರು. ಒಂದು ವಾರ ಮಂಚದ ಕೆಳಗೆ ಸಪಾಟಾಗಿ ಮಲಗಿಸಿಟ್ಟೆವು. ಮೇಜು ಇರುವುದು ಎಸಿ ರೂಮಿನಲ್ಲಿ, ಮರಕ್ಕೂ ಅದೇ ಹವೆ ಅಭ್ಯಾಸವಾಗಬೇಕು.

ಕಟ್ಟುವುದು

ಮೇಲ್ಭಾಗಕ್ಕೆ 95 ಸೆಂ.ಮೀ. ಉದ್ದದ ಆರು ಹಲಗೆ, ಒಟ್ಟು ಅಗಲ ಸುಮಾರು 60 ಸೆಂ.ಮೀ. ಎತ್ತರ 72. ಕೆಳಗಿನ ಮಂಚದ ಮೇಲೆ ಕೂತವರ ಮೊಣಕಾಲು ಅಡಿಯಲ್ಲಿ ಹಿಡಿಸಬೇಕು ಎಂದು ಆಚಾರ್ರು ತಮ್ಮ ಕಾಲನ್ನೇ ಅಳತೆಗೆ ಕೊಟ್ಟರು.

ಪ್ಯಾಲೆಟ್ ಹಲಗೆ ಸುಮಾರು 2 ಸೆಂ.ಮೀ. ದಪ್ಪ, ಒಂಟಿಯಾಗಿ ಕಾಲಿಗೆ ಸಾಲದು. ಎರಡೆರಡು ಹಲಗೆಯನ್ನು ಕಬ್ಬಿಣದ ಆಂಗಲ್‌ನಂತೆ ಮೂಲೆ ಕೂಡಿಸಿ, ಗೋಂದು ಹಾಕಿ, ಸ್ಕ್ರೂ ಬಿಗಿದರೆ ಗಟ್ಟಿ ಕಾಲಾಗುತ್ತದೆ. ಸ್ಕ್ರೂಗಿಂತ ಸಣ್ಣ ತೂತನ್ನು ಮೊದಲು ಕೊರೆಯಬೇಕು, ಇಲ್ಲದಿದ್ದರೆ ತುದಿ ಸೀಳುತ್ತದೆ. ನಾಲ್ಕು ಕಾಲನ್ನು ಮೇಲುಗಡೆ ಸುತ್ತಲೂ ಪಟ್ಟಿ ಹೊಡೆದು ಸೇರಿಸಿದೆವು. ಮೂಲೆ ನೇರವಿದೆಯೇ ಎಂದು ನೋಡಲು ಒಂದು ಬದಿ 30, ಇನ್ನೊಂದು ಬದಿ 40 ಸೆಂ.ಮೀ. ಗುರುತು ಹಾಕಿ, ಎರಡೂ ಗುರುತಿನ ನಡುವೆ ಸರಿಯಾಗಿ 50 ಬರಬೇಕು. ದೊಡ್ಡ ಸ್ಲ್ಯಾಬಿಗೂ ಇದೇ ಲೆಕ್ಕವಂತೆ.

ಮೇಲಿನ ಹಲಗೆಗಳ ಅಡಿಗೆ ಎರಡು ರೀಪು ಅಡ್ಡ ಹೊಡೆದು, ಹಲಗೆಗಳ ನಡುವೆ ಎರಡು ಮಿ.ಮೀ. ಸಂದು ಬಿಟ್ಟೆವು. ಮರಕ್ಕೂ ಉಸಿರಾಡಲು ಜಾಗ ಬೇಕಲ್ಲ. ಹೊರಗೆ ಮಾಸ್ಕ್ ಕಟ್ಟಿಕೊಂಡು ಸ್ಯಾಂಡ್ ಪೇಪರ್ ಉಜ್ಜಿ, ನೀರಿನಲ್ಲಿ ಕಲಸುವ ವಾರ್ನಿಶ್ ಎರಡು ಕೋಟ್ ಕೊಟ್ಟು, ವಾಸನೆ ಹೋದ ಮೇಲೆ ಒಳಗೆ ತಂದೆವು. ಸ್ಕ್ರೂ, ಗೋಂದು, ವಾರ್ನಿಶ್‌ಗೆ ಆರು ಜನ ಸೇರಿ ಹಾಕಿದ್ದು ತಲಾ ಹತ್ತು ದಿರ್ಹಮ್. ಡ್ರಿಲ್ ಪಕ್ಕದ ರೂಮಿನ ಎಲೆಕ್ಟ್ರಿಷಿಯನ್‌ದು.

ಕೊನೆಯ ಸ್ಕ್ರೂವನ್ನು ಆಚಾರ್ರೇ ಬಿಗಿದರು. ಆಮೇಲೆ ಮೇಜಿನ ಮೇಲೆ ಕೈಯಾಡಿಸುತ್ತ ಹೇಳಿದರು: "ಇಷ್ಟು ವರ್ಷ ನಾನು ಹೊಡೆದದ್ದನ್ನೆಲ್ಲ ಕಾಂಕ್ರೀಟ್ ಗಟ್ಟಿಯಾದ ಕೂಡಲೇ ಬಿಚ್ಚಿದ್ದಾರೆ. ನಿಂತದ್ದು ಕಟ್ಟಡ. ನನ್ನ ಕೆಲಸ ಅಂತ ತೋರಿಸಲಿಕ್ಕೆ ಈ ಊರಲ್ಲಿ ಒಂದೂ ಇರಲಿಲ್ಲ."

ಅಂದು ರಾತ್ರಿ ನಾಲ್ವರು ಮಂಚದ ಮೇಲೆ, ಇಬ್ಬರು ಪೇಂಟ್ ಬಕೆಟ್ ಮಗುಚಿಕೊಂಡು ಕೂತೆವು. ತಟ್ಟೆಗೆ ತಟ್ಟೆ ತಾಗುತ್ತಿತ್ತು. ಆಚಾರ್ರು ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಮಂಡಿ ವಾಸಿಯಾಗಲಿಲ್ಲ. ನಾಲ್ಕು ತಿಂಗಳಿಗೆ ಅವರು ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋದರು. ಅವರ ಮಂಚಕ್ಕೆ ಕೊಪ್ಪಳದ ಹುಡುಗನೊಬ್ಬ ಬಂದಿದ್ದಾನೆ. ರಾತ್ರಿ ಊಟ ಮುಗಿದ ಮೇಲೆ ಅದೇ ಮೇಜಿನ ಮೇಲೆ ಪುಸ್ತಕ ಹರಡಿ ಸೇಫ್ಟಿ ಪರೀಕ್ಷೆಗೆ ಓದುತ್ತಾನೆ.

ಆಚಾರ್ರು ಆಗಾಗ ಫೋನ್ ಮಾಡುತ್ತಾರೆ. ನಮ್ಮ ಕ್ಷೇಮ ವಿಚಾರಿಸುವ ಮೊದಲೇ ಕೇಳುತ್ತಾರೆ: "ಮೇಜು ಅಲ್ಲಾಡ್ತದಾ?"

"ಇಲ್ಲ ಆಚಾರ್ರೇ" ಎನ್ನುತ್ತೇನೆ. ಬೇಸಿಗೆಯಲ್ಲಿ ಒಂದು ಕಾಲಿನ ಸ್ಕ್ರೂ ಸಡಿಲವಾಗಿತ್ತು. ಬಿಗಿಯಲು ಈಗ ನನಗೂ ಬರುತ್ತದೆ.