ಮೂಲ ವಿಮೆಯೂ ಹೆಚ್ಚುವರಿ ರಕ್ಷಣೆಯೂ: ಸಣ್ಣ ವ್ಯಾಪಾರಿಯ ವಿಮಾಪತ್ರವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ವಿಮೆಯ ವಿಷಯವು ವಾಣಿಜ್ಯಶಾಸ್ತ್ರದ ತರಗತಿಗೆ ಮಾತ್ರ ಸೇರಿದುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ರೂಢಿಯಲ್ಲಿ ಪಾಲಿಸಿ ಎಂದು ಕರೆಯಲ್ಪಡುವ ವಿಮಾಪತ್ರವನ್ನು, ಶಿಲಾಶಾಸನವನ್ನು ಓದುವಾಗ ವಹಿಸುವಷ್ಟೇ ಎಚ್ಚರದಿಂದ ಓದಿದರೆ, ಅದರ ಅನೇಕ ಕಲಮುಗಳ ಹಿಂದೆ ಒಂದು ಬೆಂಕಿ, ಒಂದು ದೊಂಬಿ, ಒಂದು ಭೂಕಂಪ ಅಥವಾ ಒಂದು ವ್ಯಾಜ್ಯ ಇರುವುದು ಕಂಡುಬರುತ್ತದೆ. ಮೂಲ ವಿಮೆಗೆ ಬೇಕಾದಲ್ಲಿ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ರಕ್ಷಣೆಗಳು ಹೇಗೆ ಹುಟ್ಟಿಕೊಂಡವು, ಸಣ್ಣ ಉದ್ಯಮವನ್ನು ನಡೆಸುವವನು ಅವುಗಳಲ್ಲಿ ತನಗೆ ತಕ್ಕುದನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಯಾವ ವಿಮಾಪತ್ರವೇ ಆಗಲಿ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಯಾವ ವಸ್ತುವಿಗೆ ರಕ್ಷಣೆ? ಯಾವ ವಿಪತ್ತಿನಿಂದ ರಕ್ಷಣೆ? ಯಾವ ಬಗೆಯ ನಷ್ಟಕ್ಕೆ ಪರಿಹಾರ? ಮೂಲ ವಿಮೆಯು ಈ ಮೂರಕ್ಕೂ ಒಂದು ಮಿತಿಯನ್ನು ಹಾಕುತ್ತದೆ. ಹೆಚ್ಚಿನ ಪ್ರೀಮಿಯಂ ತೆಗೆದುಕೊಂಡು ಆ ಮಿತಿಗಳಲ್ಲಿ ಯಾವುದಾದರೊಂದನ್ನು ಹಿಂದಕ್ಕೆ ಸರಿಸುವುದೇ ಹೆಚ್ಚುವರಿ ರಕ್ಷಣೆಯ ಸ್ವರೂಪ. ಚರಿತ್ರೆಯಲ್ಲಿ ಈ ಮೂರು ಮಿತಿಗಳೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಸರಿದಿವೆ.

೧. ವಸ್ತು

೧೬೬೬ರ ಸೆಪ್ಟೆಂಬರ್ ೨ರಂದು ಲಂಡನ್ನಿನ ಪುಡಿಂಗ್ ಲೇನ್ ಎಂಬ ಓಣಿಯ ರೊಟ್ಟಿ ಅಂಗಡಿಯೊಂದರಲ್ಲಿ ಹುಟ್ಟಿದ ಬೆಂಕಿಯು ಸುಮಾರು ೧೩,೨೦೦ ಮನೆಗಳನ್ನೂ ೮೭ ಚರ್ಚುಗಳನ್ನೂ ಸುಟ್ಟಿತು. ನಗರವನ್ನು ಮತ್ತೆ ಕಟ್ಟಿದವರಲ್ಲಿ ಒಬ್ಬನಾದ ನಿಕೊಲಸ್ ಬಾರ್ಬನ್, ವೃತ್ತಿಯಿಂದ ವೈದ್ಯನೂ ಆಗಿದ್ದವನು, ೧೬೮೦ರ ಸುಮಾರಿನಲ್ಲಿ ಮನೆಗಳಿಗೆ ಅಗ್ನಿವಿಮೆ ನೀಡುವ ಕಚೇರಿಯನ್ನು ತೆರೆದನು. ಇಟ್ಟಿಗೆಯ ಮನೆಗಿಂತ ಮರದ ಮನೆಗೆ ಅಲ್ಲಿ ಎರಡರಷ್ಟು ದರವಿತ್ತು. ಆದರೆ ಆ ವಿಮೆ ಕಟ್ಟಡಕ್ಕೆ ಮಾತ್ರ. ಬಾಡಿಗೆಯ ಮಳಿಗೆಯಲ್ಲಿ ಬಟ್ಟೆ ಮಾರುವವನಿಗೆ ಗೋಡೆಯಿಂದ ಪ್ರಯೋಜನವೇನು? ಅವನ ಬಂಡವಾಳವೆಲ್ಲ ಬಟ್ಟೆಯ ಗಂಟುಗಳಲ್ಲಿದೆ. ಈ ಕೊರತೆಯನ್ನು ಕಂಡುಕೊಂಡ ಚಾರ್ಲ್ಸ್ ಪೋವಿ ಎಂಬಾತನು ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ ಸರಕುಗಳಿಗೂ ವಿಮೆಯನ್ನು ಆರಂಭಿಸಿದನು. ಅವನ ಉದ್ಯಮವನ್ನು ವಹಿಸಿಕೊಂಡು ೧೭೧೦ರಲ್ಲಿ ಸ್ಥಾಪಿತವಾದ ಸನ್ ಫೈರ್ ಆಫೀಸ್ ಅದನ್ನು ವಿಸ್ತರಿಸಿತು. ಸಣ್ಣ ವ್ಯಾಪಾರಿಯು ಅಗ್ನಿವಿಮೆಯೊಳಕ್ಕೆ ಪ್ರವೇಶಿಸಿದುದು ಕಟ್ಟಡದ ಬಾಗಿಲಿನಿಂದಲ್ಲ, ಸರಕಿನ ಬಾಗಿಲಿನಿಂದ ಎನ್ನಬಹುದು.

೨. ವಿಪತ್ತು

ಬೆಂಕಿ ಎಂಬುದು ಸ್ಪಷ್ಟವಾದ ಪದವೆಂದು ತೋರುತ್ತದೆ. ಆದರೆ ಬೆಂಕಿಯನ್ನು ಹಚ್ಚಿದವರು ಯಾರು ಎಂಬ ಪ್ರಶ್ನೆ ಬಂದಾಗ ತೊಡಕು ಆರಂಭವಾಗುತ್ತದೆ. ೧೭೬೬ರಲ್ಲಿ ಇಂಗ್ಲೆಂಡಿನ ನಾರಿಚ್ ನಗರದಲ್ಲಿ ಆಹಾರಪದಾರ್ಥಗಳ ಬೆಲೆಯೇರಿಕೆಯಿಂದ ಕೆರಳಿದ ಜನರು ಮಾಲ್ಟ್ ತಯಾರಿಸುವ ಕಟ್ಟಡವೊಂದನ್ನು ಸುಟ್ಟರು. ಪರದೇಶದ ಶತ್ರುಗಳಿಂದ, ಸೈನ್ಯಬಲದಿಂದ ಅಥವಾ ಅಧಿಕಾರವನ್ನು ಅಪಹರಿಸಿದವರಿಂದ ಬಿದ್ದ ಬೆಂಕಿಗೆ ಪರಿಹಾರವಿಲ್ಲವೆಂದು ವಿಮಾಪತ್ರದಲ್ಲಿತ್ತು. ೧೭೬೭ರಲ್ಲಿ ಡ್ರಿಂಕ್‌ವಾಟರ್ ಎಂಬ ವಾದಿಯ ಈ ಮೊಕದ್ದಮೆಯನ್ನು ತೀರ್ಮಾನಿಸಿದ ನ್ಯಾಯಾಲಯವು, ಹಸಿದ ಜನರ ದೊಂಬಿಯು ರಾಜದ್ರೋಹದ ದಂಗೆಯಲ್ಲವಾದ್ದರಿಂದ ಆ ಮಾತು ಇಲ್ಲಿ ಅನ್ವಯಿಸದೆಂದು ಹೇಳಿ ವಿಮಾ ಸಂಸ್ಥೆಯೇ ಹಣ ತೆರಬೇಕೆಂದಿತು.

ಹದಿಮೂರು ವರ್ಷಗಳ ಅನಂತರ, ೧೭೮೦ರ ಜೂನ್ ತಿಂಗಳಲ್ಲಿ, ಗಾರ್ಡನ್ ಗಲಭೆಗಳು ಲಂಡನ್ನನ್ನು ನಡುಗಿಸಿದವು. ಹೋಬರ್ನ್‌ನಲ್ಲಿ ಮದ್ಯದ ಭಟ್ಟಿಯನ್ನು ನಡೆಸುತ್ತಿದ್ದ ಕ್ಯಾಥೊಲಿಕ್ ವ್ಯಾಪಾರಿ ಲ್ಯಾಂಗ್‌ಡೇಲನ ಆಸ್ತಿಯು ದಂಗೆಕೋರರ ಬೆಂಕಿಗೆ ತುತ್ತಾಯಿತು. ಸನ್ ಫೈರ್ ಆಫೀಸ್ ಕೊಟ್ಟಿದ್ದ ಅವನ ವಿಮಾಪತ್ರದಲ್ಲಿ ಹೊರಗಿಟ್ಟ ಸಂದರ್ಭಗಳ ಸಾಲಿನಲ್ಲಿ 'ನಾಗರಿಕ ಕ್ಷೋಭೆ' ಎಂಬ ಅರ್ಥದ ಇನ್ನೊಂದು ಪದವೂ ಇತ್ತು. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡನ ಮುಂದೆ ನಡೆದ ವಿಚಾರಣೆಯಲ್ಲಿ ಪಂಚರು ವಿಮಾ ಸಂಸ್ಥೆಯ ಪರವಾಗಿ ತೀರ್ಪಿತ್ತರು. ಎರಡು ಕಡೆಯೂ ಜನರ ಗುಂಪು, ಎರಡು ಕಡೆಯೂ ಬೆಂಕಿ. ಒಬ್ಬನಿಗೆ ಪರಿಹಾರ ದೊರಕಿತು, ಇನ್ನೊಬ್ಬನಿಗೆ ದೊರಕಲಿಲ್ಲ. ಭೇದವಿದ್ದುದು ಷರತ್ತಿನ ಮಾತಿನಲ್ಲಿ. ಇಂದು ವಿಮಾಪತ್ರಗಳಲ್ಲಿ ಕಾಣುವ 'ದಂಗೆ, ಮುಷ್ಕರ ಮತ್ತು ದುರುದ್ದೇಶದ ಹಾನಿ' ಎಂಬ ರಕ್ಷಣೆಯ ಅರ್ಥವು ಈ ಹಿನ್ನೆಲೆಯಲ್ಲಿ ವಿಶದವಾಗುತ್ತದೆ.

ಪ್ರಕೃತಿಯ ವಿಪತ್ತುಗಳ ಸಂಗತಿಯೂ ಹೀಗೆಯೇ. ೧೯೦೬ರ ಏಪ್ರಿಲ್ ೧೮ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಭೂಕಂಪವಾಗಿ, ಅದರಿಂದ ಎದ್ದ ಬೆಂಕಿಯು ದಿನಗಟ್ಟಲೆ ಉರಿದು, ಒಟ್ಟು ಸುಮಾರು ೨೮,೦೦೦ ಕಟ್ಟಡಗಳು ನಾಶವಾದುವು. ಅಲ್ಲಿನ ವಿಮೆ ಬೆಂಕಿಗೆ ಇದ್ದಿತೇ ಹೊರತು ಭೂಕಂಪಕ್ಕಲ್ಲ. ಬೆಂಕಿಯಲ್ಲದೆ ಬೇರೆ ಕಾರಣದಿಂದ ಕಟ್ಟಡವು ಕುಸಿದರೆ ವಿಮೆಯು ಅಲ್ಲಿಗೇ ಕೊನೆಗೊಳ್ಳುವುದೆಂಬ ಷರತ್ತು ಹಲವು ಪತ್ರಗಳಲ್ಲಿತ್ತು. ತತ್ಕಾರಣ, ಕಟ್ಟಡ ಮೊದಲು ಬಿದ್ದಿತೇ, ಮೊದಲು ಉರಿಯಿತೇ ಎಂಬ ವಿವಾದಗಳು ಎದ್ದವು.

ನಮ್ಮ ದೇಶದಲ್ಲಿ ಹಿಂದೆ ಅಗ್ನಿವಿಮೆಯ ದರಗಳೂ ಮಾತುಗಳೂ ದೇಶಕ್ಕೆಲ್ಲ ಒಂದೇ ದರಪಟ್ಟಿಯಿಂದ ನಿಯತವಾಗಿದ್ದವು. ೨೦೦೧ರ ಅಖಿಲ ಭಾರತ ಅಗ್ನಿವಿಮಾ ದರಪಟ್ಟಿಯಲ್ಲಿ ಭೂಕಂಪವು ಮೂಲ ವಿಮೆಯೊಳಗೆ ಇರಲಿಲ್ಲ. ಹೆಚ್ಚಿನ ಪ್ರೀಮಿಯಂ ಕೊಟ್ಟು ಅದನ್ನು ಸೇರಿಸಿಕೊಳ್ಳಬೇಕಾಗಿತ್ತು. ಸರಕು ತಾನಾಗಿಯೇ ಕಾದು ಹೊತ್ತಿಕೊಳ್ಳುವುದು, ಕಾಡ್ಗಿಚ್ಚು, ವಿಮೆ ಮಾಡಿಸಿದವನ ಸ್ವಂತ ವಾಹನವೇ ಕಟ್ಟಡಕ್ಕೆ ಢಿಕ್ಕಿ ಹೊಡೆಯುವುದು, ವಿದ್ಯುತ್ತು ನಿಂತು ಶೀತಲಗೃಹದ ದಾಸ್ತಾನು ಕೆಡುವುದು ಇವೂ ಅಂತಹ ಹೆಚ್ಚುವರಿ ರಕ್ಷಣೆಗಳೇ ಆಗಿದ್ದವು. ೨೦೦೧ರ ಸೆಪ್ಟೆಂಬರ್ ೧೧ರಂದು ಅಮೆರಿಕದ ಮೇಲೆ ನಡೆದ ದಾಳಿಗಳ ಅನಂತರ, ಭಯೋತ್ಪಾದನೆಯ ಹೊಣೆಯನ್ನು ಹೊರಲು ಅಂತಾರಾಷ್ಟ್ರೀಯ ಮರುವಿಮಾ ಸಂಸ್ಥೆಗಳು ಹಿಂದೆಗೆದುದರಿಂದ, ೨೦೦೨ರಲ್ಲಿ ಭಾರತದ ವಿಮಾ ಸಂಸ್ಥೆಗಳು ಒಟ್ಟುಗೂಡಿ ಅದಕ್ಕೊಂದು ಸಾಮಾನ್ಯ ನಿಧಿಯನ್ನು ಸ್ಥಾಪಿಸಿಕೊಂಡವು. ೨೦೦೭ರ ಜನವರಿ ೧ರಿಂದ ದರಪಟ್ಟಿಯ ಕಟ್ಟು ಸಡಿಲವಾಯಿತು. ಒಂದು ಸಂಸ್ಥೆಯ ವಿಮಾಪತ್ರಕ್ಕೂ ಇನ್ನೊಂದರದಕ್ಕೂ ವ್ಯತ್ಯಾಸವನ್ನು ಹುಡುಕುವ ಹೊಣೆಯು ಆ ಮೇಲೆ ಕ್ರಮೇಣ ಕೊಳ್ಳುವವನ ಮೇಲೆ ಬಿದ್ದಿತು.

೩. ನಷ್ಟ

ಮೂರನೆಯ ಮಿತಿಯೇ ಸಣ್ಣ ಉದ್ಯಮಕ್ಕೆ ಎಲ್ಲಕ್ಕಿಂತ ಅಪಾಯಕಾರಿಯಾದುದು. ಅಗ್ನಿವಿಮೆಯು ಸುಟ್ಟ ಯಂತ್ರದ ಬೆಲೆಯನ್ನು ಕೊಡುತ್ತದೆ. ಯಂತ್ರವಿಲ್ಲದೆ ಕಳೆದ ತಿಂಗಳುಗಳ ಆದಾಯವನ್ನು ಕೊಡುವುದಿಲ್ಲ. ಅದಕ್ಕೆ ವ್ಯಾಪಾರಸ್ಥಗಿತದ ವಿಮೆ ಎಂಬ ಬೇರೆಯ ಏರ್ಪಾಡು ಬೇಕು. ಅದು ಕೂಡ ಸಾಮಾನ್ಯವಾಗಿ, ವಿಮೆ ಮಾಡಿಸಿದ ಆಸ್ತಿಗೆ ಭೌತಿಕ ಹಾನಿಯಾದಾಗ ಮಾತ್ರ ಅನ್ವಯಿಸುತ್ತದೆ. ಆಸ್ತಿಗೆ ಏನೂ ಆಗದೆ ವ್ಯಾಪಾರ ನಿಂತುಹೋದರೆ?

ಈ ಪ್ರಶ್ನೆ ೨೦೨೦ರಲ್ಲಿ ಬ್ರಿಟನ್ನಿನ ಸಹಸ್ರಾರು ಸಣ್ಣ ಉದ್ಯಮಗಳ ಮುಂದೆ ನಿಂತಿತು. ಕೋವಿಡ್ ಪಿಡುಗಿನಿಂದಾಗಿ ಸರ್ಕಾರವು ಅಂಗಡಿ, ಹೋಟೆಲುಗಳನ್ನು ಮುಚ್ಚಿಸಿದಾಗ ಅವುಗಳ ಒಂದು ಇಟ್ಟಿಗೆಯೂ ಕದಲಿರಲಿಲ್ಲ. ಮೂಲ ವಿಮೆ ಮಾತ್ರ ಇದ್ದವರಿಗೆ ಸಾಮಾನ್ಯವಾಗಿ ಏನೂ ದೊರೆಯುವಂತಿರಲಿಲ್ಲ. ಕೆಲವರು ಎರಡು ಬಗೆಯ ವಿಸ್ತರಣೆಗಳನ್ನು ಸೇರಿಸಿಕೊಂಡಿದ್ದರು: ಆವರಣದ ಸುತ್ತ ಇಂತಿಷ್ಟು ದೂರದೊಳಗೆ, ಉದಾಹರಣೆಗೆ ೨೫ ಮೈಲಿಯೊಳಗೆ, ಸರ್ಕಾರಕ್ಕೆ ವರದಿ ಮಾಡಬೇಕಾದ ಸಾಂಕ್ರಾಮಿಕ ರೋಗವು ಕಾಣಿಸಿಕೊಂಡರೆ ಪರಿಹಾರ ಎಂಬುದು ಒಂದು, ಅಧಿಕಾರಿಗಳ ಕ್ರಮದಿಂದ ಆವರಣದ ಪ್ರವೇಶಕ್ಕೆ ತಡೆಯಾದರೆ ಪರಿಹಾರ ಎಂಬುದು ಇನ್ನೊಂದು. ವಿಮಾ ಸಂಸ್ಥೆಗಳು ಹಣ ಕೊಡಲು ಒಪ್ಪದಿದ್ದಾಗ ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರವೇ ಎಂಟು ಸಂಸ್ಥೆಗಳ ಮಾದರಿ ಷರತ್ತುಗಳನ್ನು ಹಿಡಿದು ನ್ಯಾಯಾಲಯಕ್ಕೆ ಹೋಯಿತು. ಸುಮಾರು ೩,೭೦,೦೦೦ ವಿಮಾಪತ್ರದಾರರ ಹಿತವು ಇದರಲ್ಲಿ ಅಡಗಿರಬಹುದೆಂದು ಆ ಪ್ರಾಧಿಕಾರವು ಅಂದಾಜು ಮಾಡಿತ್ತು.

ರೋಗವು ದೇಶದಲ್ಲೆಲ್ಲ ಇದ್ದುದರಿಂದ, ೨೫ ಮೈಲಿಯೊಳಗೆ ರೋಗ ಇಲ್ಲದಿದ್ದರೂ ಅಂಗಡಿ ಹೇಗೂ ಮುಚ್ಚುತ್ತಿತ್ತು ಎಂಬುದು ಸಂಸ್ಥೆಗಳ ವಾದ. ಈ ವಾದಕ್ಕೆ ೨೦೧೦ರ ಒಂದು ತೀರ್ಪು ಆಧಾರವಾಗಿತ್ತು. ೨೦೦೫ರ ಚಂಡಮಾರುತಗಳಲ್ಲಿ ಹಾನಿಗೊಂಡ ನ್ಯೂ ಆರ್ಲಿಯನ್ಸ್ ನಗರದ ಹೋಟೆಲೊಂದರ ಪ್ರಕರಣ ಅದು. ಹೋಟೆಲು ಸುರಕ್ಷಿತವಾಗಿದ್ದರೂ ನಗರವೇ ಬರಿದಾಗಿದ್ದುದರಿಂದ ಅದಕ್ಕೆ ನಷ್ಟವಾಗುತ್ತಿತ್ತೆಂದು ಅಲ್ಲಿ ತೀರ್ಮಾನವಾಗಿತ್ತು. ೨೦೨೧ರ ಜನವರಿ ೧೫ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಆ ಹಳೆಯ ತೀರ್ಪನ್ನು ತಳ್ಳಿಹಾಕಿತು. ದೇಶದಲ್ಲಿನ ಒಂದೊಂದು ರೋಗಪ್ರಸಂಗವೂ ಸರ್ಕಾರದ ಕ್ರಮಕ್ಕೆ ಸಮಾನವಾದ ಕಾರಣವೆಂದು ಹೇಳಿ, ಬಹುಮಟ್ಟಿಗೆ ವ್ಯಾಪಾರಿಗಳ ಪರವಾಗಿ ತೀರ್ಪಿತ್ತಿತು. ಆದರೂ ಎಲ್ಲ ಷರತ್ತುಗಳ ಫಲವೂ ಒಂದೇ ಆಗಲಿಲ್ಲ. ಲ್ಯಾಂಗ್‌ಡೇಲನ ಕಾಲದಲ್ಲಿದ್ದಂತೆ ಈಗಲೂ ಪ್ರತಿಯೊಬ್ಬನ ಅದೃಷ್ಟವು ಅವನ ಪತ್ರದ ಮಾತಿನಲ್ಲೇ ಇತ್ತು.

೪. ಇಂದಿನ ಭಾರತದ ಸಣ್ಣ ಉದ್ಯಮಿ

೨೦೨೧ರ ಏಪ್ರಿಲ್ ೧ರಿಂದ ನಮ್ಮಲ್ಲಿ ಸಣ್ಣ ಉದ್ಯಮಗಳಿಗೆ ಎರಡು ಮಾದರಿ ವಿಮಾಪತ್ರಗಳು ಜಾರಿಗೆ ಬಂದವು. ಒಂದು ಸ್ಥಳದಲ್ಲಿರುವ ಆಸ್ತಿಯ ಮೌಲ್ಯ ೫ ಕೋಟಿ ರೂಪಾಯಿಯವರೆಗೆ ಇದ್ದರೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ', ಅದನ್ನು ಮೀರಿ ೫೦ ಕೋಟಿಯವರೆಗೆ 'ಭಾರತ್ ಲಘು ಉದ್ಯಮ ಸುರಕ್ಷಾ'. ಹಿಂದೆ ಬೇರೆಯಾಗಿ ಕೊಳ್ಳಬೇಕಾಗಿದ್ದ ಭೂಕಂಪದ ರಕ್ಷಣೆಯು ಇವುಗಳಲ್ಲಿ ಮೂಲ ವಿಮೆಯೊಳಗೇ ಸೇರಿದೆ. ಅವಶೇಷಗಳನ್ನು ತೆಗೆಯುವ ವೆಚ್ಚಕ್ಕೂ ನಿಗದಿತ ಮಿತಿಯೊಳಗೆ ಇಲ್ಲಿಯೇ ಅವಕಾಶವಿದೆ. ಒಂದು ಕಾಲದ ಹೆಚ್ಚುವರಿ ರಕ್ಷಣೆಯು ಇನ್ನೊಂದು ಕಾಲದ ಮೂಲ ರಕ್ಷಣೆಯಾಗುವುದಕ್ಕೆ ಇದೊಂದು ನಿದರ್ಶನ.

ವಿಮೆಯ ಮೊತ್ತ ಕಡಮೆಯಾದಾಗ ಒದಗುವ ಕಷ್ಟವನ್ನೂ ಇವು ಸ್ವಲ್ಪ ತಗ್ಗಿಸಿವೆ. ೨೦ ಲಕ್ಷ ರೂಪಾಯಿಯ ಸರಕಿಗೆ ೧೦ ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನಿಗೆ ೪ ಲಕ್ಷ ನಷ್ಟವಾದರೆ, ಅನುಪಾತದ ನಿಯಮದಂತೆ ದೊರೆಯುವುದು ೨ ಲಕ್ಷ ಮಾತ್ರ. ಈ ಹೊಸ ಪತ್ರಗಳಲ್ಲಿ ಕೊರತೆಯು ಶೇಕಡಾ ೧೫ನ್ನು ಮೀರದಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ೧೮ ಲಕ್ಷಕ್ಕೆ ವಿಮೆ ಮಾಡಿಸಿದ್ದರೆ ಪೂರ್ಣ ೪ ಲಕ್ಷವನ್ನು ಕೇಳಬಹುದು.

ಆದರೆ ಹೊರಗುಳಿದುದು ಇನ್ನೂ ಬಹಳವಿದೆ. ಸಾಮಾನ್ಯ ಕಳ್ಳತನವು ಇವುಗಳಲ್ಲಿ ಸೇರಿಲ್ಲ. ಬೆಂಕಿ, ಪ್ರವಾಹ ಮುಂತಾದ ವಿಪತ್ತಿನ ಪರಿಣಾಮವಾಗಿ, ಅದು ನಡೆದ ೭ ದಿನಗಳೊಳಗೆ ಆದ ಕಳವಿಗೆ ಮಾತ್ರ ಪರಿಹಾರವುಂಟು. ಆದಾಯದ ನಷ್ಟವೂ ಹೊರಗೇ ಇದೆ. ಈ ಕೊರತೆಗಳನ್ನು ತುಂಬಲು ಹೆಚ್ಚುವರಿ ರಕ್ಷಣೆಗಳನ್ನಾಗಲಿ, ಕನ್ನಗಳವು, ನಗದು ಹಣ, ನೌಕರರ ಅಪ್ರಾಮಾಣಿಕತೆ, ಯಂತ್ರದ ಕೆಡುಕು, ಗಿರಾಕಿಗಳಿಗಾದ ಅಪಾಯದ ಹೊಣೆ ಮುಂತಾದವುಗಳನ್ನು ಭಾಗಭಾಗವಾಗಿ ಆರಿಸಿಕೊಳ್ಳಬಹುದಾದ ಅಂಗಡಿಕಾರರ ವಿಮಾಪತ್ರಗಳನ್ನಾಗಲಿ ಆಶ್ರಯಿಸಬೇಕು.

ಹಾಗಾದರೆ ಆಯ್ಕೆ ಹೇಗೆ? ಪಟ್ಟಿಯಿಂದ ಅಂಗಡಿಯ ಕಡೆಗಲ್ಲ, ಅಂಗಡಿಯಿಂದ ಪಟ್ಟಿಯ ಕಡೆಗೆ ನಡೆಯಬೇಕು. ಬ್ಯಾಡಗಿಯಲ್ಲಿ ಶೀತಲಗೃಹವನ್ನು ನಡೆಸುವವನೊಬ್ಬನನ್ನು ಊಹಿಸಿಕೊಳ್ಳೋಣ. ಗೋಡೆ, ಮಾಡು ನೆಟ್ಟಗಿದ್ದು, ವಿದ್ಯುತ್ತು ನಿಂತು ಒಳಗಿನ ಮೆಣಸಿನಕಾಯಿ ಕೆಟ್ಟರೆ ಬರಿಯ ಅಗ್ನಿವಿಮೆ ಅವನಿಗೆ ನೆರವಾಗದು. ಅವನಿಗೆ ಮೊದಲು ಬೇಕಾದುದು ದಾಸ್ತಾನು ಕೆಡುವುದರ ವಿರುದ್ಧ ರಕ್ಷಣೆ. ದಾವಣಗೆರೆಯಲ್ಲಿ ಶಾಲಾ ನೋಟುಪುಸ್ತಕಗಳನ್ನು ಅಚ್ಚುಮಾಡುವ ಮುದ್ರಣಾಲಯವೊಂದಿದೆಯೆನ್ನೋಣ. ಏಪ್ರಿಲ್ ತಿಂಗಳಲ್ಲಿ ಯಂತ್ರ ಸುಟ್ಟು, ಆಗಸ್ಟಿನಲ್ಲಿ ಹೊಸದು ಬಂದರೆ, ಶಾಲೆಗಳು ಆರಂಭವಾಗುವ ಕಾಲ ಅಷ್ಟರಲ್ಲಿ ಕಳೆದಿರುತ್ತದೆ. ಯಂತ್ರದ ಬೆಲೆ ಕೈಸೇರಿದರೂ ಕೆಲಸಗಾರರ ಸಂಬಳ, ಬ್ಯಾಂಕಿನ ಸಾಲದ ಕಂತು, ಬೇರೆಡೆಗೆ ಹೋದ ಗಿರಾಕಿಗಳು ಇವು ಉಳಿಯುತ್ತವೆ. ಅವನಿಗೆ ಬೇಕಾದುದು ಆದಾಯದ ನಷ್ಟದ ವಿಮೆ. ಅದೂ ಮುಂದಿನ ವರ್ಷದ ಶಾಲಾರಂಭವನ್ನು ಮುಟ್ಟುವಷ್ಟು ದೀರ್ಘವಾದ ಪರಿಹಾರಾವಧಿಯುಳ್ಳದ್ದು.

ಎಲ್ಲ ರಕ್ಷಣೆಗಳನ್ನೂ ಕೊಳ್ಳುವುದು ವಿವೇಕವಲ್ಲ. ಪ್ರೀಮಿಯಂ ಹಣವೂ ಲಾಭದಿಂದಲೇ ಹೋಗಬೇಕಾದುದು. ತಾನೇ ಭರಿಸಬಲ್ಲ ಸಣ್ಣ ನಷ್ಟಗಳನ್ನು ಬಿಟ್ಟು, ಬಾಗಿಲನ್ನೇ ಮುಚ್ಚಿಸುವಂತಹ ನಷ್ಟಗಳಿಗೆ ಮೊದಲು ಹಣ ಕೊಡುವುದು ಯುಕ್ತ. ದೊಡ್ಡ ಕಾರ್ಖಾನೆಗೆ ಇನ್ನೊಂದು ಘಟಕವಿರಬಹುದು, ವಕೀಲರ ನೆರವಿರಬಹುದು. ಸಣ್ಣ ವ್ಯಾಪಾರಿಗೆ ಇರುವುದು ಒಂದೇ ಮಳಿಗೆ. ಆ ಮಳಿಗೆಯಲ್ಲಿ ಯಾವ ವಸ್ತು, ಯಾವ ವಿಪತ್ತಿನಿಂದ, ಎಂತಹ ನಷ್ಟಕ್ಕೆ ಈಡಾಗಬಹುದು ಎಂಬ ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ವಿಮಾಪತ್ರದಲ್ಲಿ ಕೊಟ್ಟುದನ್ನು ಓದುವ ಮೊದಲು ಹೊರಗಿಟ್ಟುದನ್ನು ಓದಿ, ಅನಂತರ ಸಹಿ ಹಾಕಿದರೆ, ಹೆಚ್ಚುವರಿ ರಕ್ಷಣೆಗಾಗಿ ಅವನು ತೆತ್ತ ಹಣವು ತಕ್ಕ ಕಡೆ ಸಂದಂತಾಗುತ್ತದೆ.