ಚಕ್ರದ ಆಫ್‌ಸೆಟ್ ಮತ್ತು ಬ್ಯಾಕ್‌ಸ್ಪೇಸಿಂಗ್: ಮಾರುವ ಮೊದಲು ಅಳೆಯಬೇಕಾದದ್ದು

ಕಾರಿಗೆ ಅಲಾಯ್ ವೀಲ್ ಹಾಕಿಸುವ ರೂಢಿ ಇಂದು ಮಹಾನಗರಗಳಿಗೆ ಸೀಮಿತವಾಗಿ ಉಳಿದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಮಾತ್ರವಲ್ಲದೆ ಜಿಲ್ಲಾ ಕೇಂದ್ರಗಳ ಟೈರು ಮಳಿಗೆಗಳಲ್ಲಿಯೂ ಈ ವ್ಯಾಪಾರ ನಡೆಯುತ್ತಿದೆ. ಚಕ್ರಗಳ ಜೊತೆಗೆ ಬೇಕಾಗುವ ಸ್ಪೇಸರ್, ಹಬ್ ರಿಂಗ್‌ಗಳನ್ನು ಸಣ್ಣ ಲೇತ್ ಘಟಕಗಳೂ ತಯಾರಿಸಬಲ್ಲವು. ಆದರೆ ಗ್ರಾಹಕನು ಅಂಗಡಿಯಲ್ಲಿ ನೋಡುವುದು ವಿನ್ಯಾಸ, ಬಣ್ಣ ಮತ್ತು ಇಂಚುಗಳನ್ನು ಮಾತ್ರ. ಬೋಲ್ಟಿನ ರಂಧ್ರಗಳು ಹೊಂದಿಕೊಂಡರೆ ಚಕ್ರ ಸರಿಯಾಯಿತೆಂಬ ಭಾವನೆ ವರ್ತಕರಲ್ಲಿಯೂ ಇಲ್ಲದಿಲ್ಲ. ಹಿಂದಿರುಗಿ ಬರುವ ಮಾಲು, ಅಂಚು ಸವೆದ ಟೈರು, ಕೊನೆಗೆ ಅಪಘಾತದ ಹೊಣೆ, ಇವೆಲ್ಲಕ್ಕೂ ಮೂಲ ಈ ಭಾವನೆಯೇ ಆಗಬಹುದು.

ಎರಡು ಅಳತೆಗಳು

ಚಕ್ರವು ಹಬ್ಬಿಗೆ ತಾಗಿ ಕೂರುವ ಸಮತಟ್ಟಾದ ಮುಖಕ್ಕೂ ಚಕ್ರದ ಅಗಲದ ನಡುಗೆರೆಗೂ ಇರುವ ಅಂತರವೇ ಆಫ್‌ಸೆಟ್. ಇದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಚಕ್ರದ ಮೇಲೆ ‘ಇಟಿ’ ಎಂಬ ಅಕ್ಷರಗಳ ಮುಂದೆ ಅಚ್ಚೊತ್ತಿರುವ ಸಂಖ್ಯೆ ಇದೇ. ಕೂರುವ ಮುಖವು ನಡುಗೆರೆಯಿಂದ ಹೊರಬದಿಗೆ ಇದ್ದರೆ ಆಫ್‌ಸೆಟ್ ಧನ, ಒಳಬದಿಗೆ ಇದ್ದರೆ ಋಣ, ನಡುಗೆರೆಯ ಮೇಲೆಯೇ ಇದ್ದರೆ ಶೂನ್ಯ. ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಕಾರಿನ ಒಳಕ್ಕೆ ಸರಿಯುತ್ತದೆ; ಕಡಿಮೆಯಾದಷ್ಟೂ ಹೊರಕ್ಕೆ ಬರುತ್ತದೆ. ಇಂದಿನ ಮುಂಬದಿ ಚಾಲನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಇದು 35ರಿಂದ 50ರವರೆಗೆ ಇರುತ್ತದೆ.

ಅದೇ ಕೂರುವ ಮುಖದಿಂದ ರಿಮ್ಮಿನ ಒಳಬದಿಯ ಅಂಚಿನವರೆಗಿನ ಅಂತರ ಬ್ಯಾಕ್‌ಸ್ಪೇಸಿಂಗ್. ಅಮೆರಿಕದ ಮಾರುಕಟ್ಟೆಯಲ್ಲಿ ಇದನ್ನು ಇಂಚಿನಲ್ಲಿ ಹೇಳುವುದು ವಾಡಿಕೆ. ಸಂಖ್ಯೆ ಅಳಿಸಿಹೋದ ಚಕ್ರವಾದರೂ ಇದನ್ನು ಅಂಗಡಿಯಲ್ಲಿಯೇ ಅಳೆಯಬಹುದು. ಚಕ್ರವನ್ನು ಬೋರಲಾಗಿ ಮಲಗಿಸಿ, ಹಿಂಬದಿಯ ಅಂಚುಗಳ ಮೇಲೆ ನೇರವಾದ ಪಟ್ಟಿಯೊಂದನ್ನು ಅಡ್ಡಲಾಗಿ ಇಟ್ಟು, ಪಟ್ಟಿಯ ಕೆಳಅಂಚಿನಿಂದ ಕೂರುವ ಮುಖದವರೆಗೆ ಸ್ಕೇಲ್ ಇಳಿಸಿದರೆ ಸಾಕು.

ರಿಮ್ಮಿನ ಅಗಲವೆಂದು ಬರೆದಿರುವುದು ಟೈರು ಕೂರುವ ಒಳ ಅಳತೆ. ಎರಡೂ ಅಂಚುಗಳು ಸೇರಿದರೆ ಒಟ್ಟು ಅಗಲ ಸುಮಾರು ಒಂದು ಇಂಚು ಹೆಚ್ಚಾಗುತ್ತದೆ. ಆದ್ದರಿಂದ ಒಟ್ಟು ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಬ್ಯಾಕ್‌ಸ್ಪೇಸಿಂಗ್ ದೊರೆಯುತ್ತದೆ. 7 ಇಂಚು ಅಗಲ, 35 ಆಫ್‌ಸೆಟ್‌ನ ಚಕ್ರಕ್ಕೆ 101.6 ಮತ್ತು 35 ಸೇರಿ 136.6 ಮಿ.ಮೀ., ಅಂದರೆ ಸುಮಾರು 5.4 ಇಂಚು.

ಒಂದು ಉದಾಹರಣೆ

ಕಾರಿನ ಮೂಲ ಚಕ್ರ 6 ಇಂಚು ಅಗಲ, 45 ಆಫ್‌ಸೆಟ್ ಉಳ್ಳದ್ದೆಂದೂ, ಗ್ರಾಹಕನು ಮೆಚ್ಚಿದ್ದು 7 ಇಂಚು ಅಗಲ, 35 ಆಫ್‌ಸೆಟ್‌ನ ಚಕ್ರವೆಂದೂ ಭಾವಿಸೋಣ. ಅಗಲ 25.4 ಮಿ.ಮೀ. ಹೆಚ್ಚಿತು, ಪ್ರತಿ ಬದಿಗೆ 12.7. ಆಫ್‌ಸೆಟ್ 10 ಕಡಿಮೆಯಾದುದರಿಂದ ಇಡೀ ಚಕ್ರ 10 ಮಿ.ಮೀ. ಹೊರಕ್ಕೆ ಸರಿಯಿತು. ಹೀಗಾಗಿ ಒಳಬದಿಯ ಅಂಚು 2.7 ಮಿ.ಮೀ. ಮಾತ್ರ ಒಳಕ್ಕೆ ಹೋದರೆ, ಹೊರ ಅಂಚು 22.7 ಮಿ.ಮೀ. ಹೊರಚಾಚುತ್ತದೆ. ಆಫ್‌ಸೆಟ್ 45 ಆಗಿಯೇ ಉಳಿದಿದ್ದರೆ ಎರಡೂ ಬದಿಗೆ 12.7ರಂತೆ ಹಂಚಿಕೆಯಾಗುತ್ತಿತ್ತು. ಮೊದಲನೆಯದರಲ್ಲಿ ಮಡ್‌ಗಾರ್ಡಿನ ಅಂಚನ್ನೂ, ಎರಡನೆಯದರಲ್ಲಿ ಶಾಕ್ ಅಬ್ಸಾರ್ಬರ್ ಬದಿಯ ಎಡೆಯನ್ನೂ ಪರೀಕ್ಷಿಸಬೇಕು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಭಾರವಿಟ್ಟು ನೋಡದೆ ಚಕ್ರ ಸರಿಹೊಂದಿತೆಂದು ಹೇಳಲಾಗದು.

ಟೈರಿನ ಒಟ್ಟು ವ್ಯಾಸವೂ ಮೂಲಕ್ಕೆ ಹತ್ತಿರವಿರಬೇಕು. 185/65 ಆರ್ 15 ಟೈರಿನ ವ್ಯಾಸ 621.5 ಮಿ.ಮೀ.; 16 ಇಂಚಿನ ಚಕ್ರಕ್ಕೆ 195/55 ಟೈರು ಹಾಕಿದರೆ 620.9. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ.

ಅಳತೆ ತಪ್ಪಿದರೆ

ಒಳಕ್ಕೆ ಹೆಚ್ಚು ಸರಿದ ಚಕ್ರ ಬ್ರೇಕ್ ಕ್ಯಾಲಿಪರಿಗೋ ಶಾಕ್ ಅಬ್ಸಾರ್ಬರಿಗೋ ಉಜ್ಜುತ್ತದೆ; ಟೈರಿನ ಒಳಗೋಡೆ ಕಣ್ಣಿಗೆ ಕಾಣದಂತೆ ಸವೆಯುತ್ತದೆ. ಹೊರಕ್ಕೆ ಹೆಚ್ಚು ಚಾಚಿದ ಚಕ್ರ ನೋಟಕ್ಕೆ ಗಂಭೀರವೆನಿಸಿದರೂ ಭಾರವು ಬೇರಿಂಗಿನಿಂದ ದೂರ ಸರಿದು ಬೇರಿಂಗ್ ಬೇಗ ಸವೆಯುತ್ತದೆ. ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರು ನೆಲ ಮುಟ್ಟುವ ಮಧ್ಯಬಿಂದುವಿಗೂ ಇರುವ ಅಂತರ ಬದಲಾಗುವುದರಿಂದ ಗುಂಡಿ ಬಿದ್ದಾಗ, ಬ್ರೇಕ್ ಹಾಕಿದಾಗ ಸ್ಟೀರಿಂಗ್ ಕೈಯಿಂದ ಎಳೆದಂತಾಗುತ್ತದೆ.

ಆಫ್‌ಸೆಟ್ ಒಂದೇ ಸಾಲದು

ಬೋಲ್ಟು ವೃತ್ತದ ವ್ಯಾಸ ಸರಿಯಾಗಿ ಹೊಂದಬೇಕು. ಫಿಯೆಟ್ ಪಾಲಿಯೋದ ವೃತ್ತ 98 ಮಿ.ಮೀ.; ಮಾರುತಿ ಸ್ವಿಫ್ಟ್, ಹ್ಯುಂಡೈ ಐ20 ಕಾರುಗಳದು 100. ಎರಡು ಮಿಲಿಮೀಟರಿನ ವ್ಯತ್ಯಾಸವೆಂದು ಬಲವಂತವಾಗಿ ಬಿಗಿದರೆ ನಟ್ಟುಗಳು ಓರೆಯಾಗಿ ಕೂತು ಸಡಿಲಗೊಳ್ಳುತ್ತವೆ. ಚಕ್ರದ ನಡುರಂಧ್ರ ಹಬ್ಬಿಗಿಂತ ದೊಡ್ಡದಿದ್ದರೆ ಆ ಎಡೆಯನ್ನು ಹಬ್ ರಿಂಗ್ ತುಂಬಬೇಕು. ಇಲ್ಲವಾದರೆ ಚಕ್ರ ನಡುವಿಗೆ ಕೂರದೆ ವೇಗದಲ್ಲಿ ನಡುಗುತ್ತದೆ. ನಟ್ಟಿನ ತಳದ ಆಕಾರವೂ ಮುಖ್ಯ. ಹೋಂಡಾದ ಮೂಲ ಚಕ್ರಗಳಿಗೆ ಗುಂಡನೆಯ ತಳದ ನಟ್ಟು. ಹೊರಗೆ ದೊರೆಯುವ ಬಹುಪಾಲು ಅಲಾಯ್ ಚಕ್ರಗಳಿಗೆ ಶಂಕುವಿನಾಕಾರದ್ದು. ಹಳೆಯ ನಟ್ಟನ್ನೇ ಹೊಸ ಚಕ್ರಕ್ಕೆ ಬಳಸುವುದು ಅಪಾಯಕರ.

ಸ್ಪೇಸರ್ ತಯಾರಿಸುವ ಘಟಕಗಳಿಗೆ

10 ಮಿ.ಮೀ. ಸ್ಪೇಸರ್ ಹಾಕಿದರೆ 45 ಆಫ್‌ಸೆಟ್‌ನ ಚಕ್ರ 35ರಂತೆ ವರ್ತಿಸುತ್ತದೆ. ಜೊತೆಗೆ ಬೋಲ್ಟಿನ ಹಿಡಿತವೂ 10 ಮಿ.ಮೀ. ಕಡಿಮೆಯಾಗುತ್ತದೆ. ಬೋಲ್ಟಿನ ವ್ಯಾಸದಷ್ಟು ಉದ್ದವಾದರೂ ನಟ್ಟು ಕಚ್ಚಿರಬೇಕೆಂಬುದು ಸಾಮಾನ್ಯ ನಿಯಮ: 12 ಮಿ.ಮೀ. ಬೋಲ್ಟು, 1.5 ಮಿ.ಮೀ. ಎಳೆಯಾದರೆ 8 ಸುತ್ತು. ಅಷ್ಟು ಸಿಗದಿದ್ದಲ್ಲಿ ಉದ್ದದ ಬೋಲ್ಟು ಹಾಕದೆ ಸ್ಪೇಸರ್ ಮಾರಬಾರದು. ಎರಡು ಮುಖಗಳೂ ಸಮಾನಾಂತರವಾಗಿರಬೇಕು, ಹಬ್ಬಿನ ಮೇಲೆ ಆಡದಂತೆ ಕೂರಬೇಕು. ಒಂದರ ಮೇಲೊಂದು ಪೇರಿಸುವುದು ಸಲ್ಲದು.

ಕಾನೂನಿನ ಹೊಣೆ

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮು ನೋಂದಣಿಯ ವಿವರಗಳು ತಯಾರಕರು ಮೂಲತಃ ನೀಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಚಕ್ರದ ರಿಮ್ಮುಗಳಿಗೆ ಸಂಬಂಧಿಸಿ ಕೇಂದ್ರ ಸರ್ಕಾರ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿರುವುದರಿಂದ, ದಾಸ್ತಾನು ತರಿಸುವ ಮುನ್ನ ಭಾರತೀಯ ಮಾನಕ ಬ್ಯೂರೋದ ಗುರುತನ್ನು ಪರಿಶೀಲಿಸತಕ್ಕದ್ದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ, ಉತ್ಪನ್ನವನ್ನು ಮಾರ್ಪಡಿಸಿದ ಮಾರಾಟಗಾರನು ಆ ಮಾರ್ಪಾಡಿನಿಂದ ಹಾನಿಯಾದಲ್ಲಿ ಹೊಣೆಗಾರನಾಗುತ್ತಾನೆ. ರಂಧ್ರ ಹಿಗ್ಗಿಸಿ ಚಕ್ರ ಮಾರುವವರು ಇದನ್ನು ನೆನಪಿಡಬೇಕು.

ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಕಾಗಿಲ್ಲ. ಮೂಲ ಚಕ್ರದ ಅಗಲ, ಆಫ್‌ಸೆಟ್, ಬೋಲ್ಟು ವೃತ್ತ, ನಡುರಂಧ್ರ ಮತ್ತು ನಟ್ಟಿನ ಬಗೆ ಎಂಬ ಐದು ವಿವರಗಳನ್ನು, ಹೊಸ ಚಕ್ರದ ವಿವರಗಳೊಡನೆ, ರಸೀತಿಯ ಮೇಲೆಯೇ ಬರೆದುಕೊಡುವ ಪದ್ಧತಿ ಇಟ್ಟುಕೊಳ್ಳಬಹುದು. ಹೊಂದದ ಚಕ್ರವನ್ನು ಮಾರಲು ನಿರಾಕರಿಸಿದರೆ ಅಂದಿನ ಒಂದು ವ್ಯಾಪಾರ ಕೈತಪ್ಪಬಹುದು. ಅಂಗಡಿಯ ಹೆಸರು ಉಳಿಯುತ್ತದೆ.